ಅಜ್ಜಿಯ ಡಬ್ಬಿಯ ನಾಣ್ಯ, ಆನ್‌ಲೈನ್‌ನ ಗಾಳ

ಮಧ್ಯಾಹ್ನದ ಕೆಲಸ ಮುಗಿದಿದೆ. ಮಕ್ಕಳು ಶಾಲೆಯಿಂದ ಬರಲು ಇನ್ನೂ ಒಂದು ಗಂಟೆ ಇದೆ. ಕಾಲು ಚಾಚಿ ಕೂತು ಮೊಬೈಲ್ ತೆಗೆದರೆ ಮೊದಲು ಕಾಣುವುದೇ ಒಂದು ವಿಡಿಯೋ: 'ನಿಮ್ಮ ಬಳಿ ವೈಷ್ಣೋದೇವಿಯ ಚಿತ್ರವಿರುವ 5 ರೂಪಾಯಿ ನಾಣ್ಯ ಇದೆಯೇ? ಹಾಗಿದ್ದರೆ ನೀವು ಲಕ್ಷಾಧಿಪತಿ!' ಅದರ ಕೆಳಗೇ ಒಂದು ವಾಟ್ಸ್‌ಆ್ಯಪ್ ನಂಬರ್. ಬೆರಳು ತಾನಾಗಿಯೇ ಅತ್ತ ಹೋಗುತ್ತದೆ, ಅಲ್ವಾ?

ನಿಮ್ಮ ತವರು ಮುಂಡಾಜೆ ಅಂತಲೇ ಇಟ್ಟುಕೊಳ್ಳೋಣ. ಉಜಿರೆ ದಾಟಿ ಚಾರ್ಮಾಡಿ ಘಾಟಿಯತ್ತ ಹೋಗುವ ಹೆದ್ದಾರಿ ಬದಿಯ ಊರು. ಅಡಿಕೆ ತೋಟದ ನಡುವೆ ಹಳೇ ಮನೆ. ಅಟ್ಟ ಗುಡಿಸುವಾಗ ಅಜ್ಜಿಯ ತಗಡಿನ ಡಬ್ಬಿ ಸಿಕ್ಕಿತು. 'ನನಗ್ಯಾಕೆ ಮಾರಾಯ್ತಿ, ನೀನೇ ತಗೊಂಡು ಹೋಗು' ಅಂತ ಅಮ್ಮ ಅದನ್ನು ನಿಮ್ಮ ಕೈಗಿತ್ತರು. ಈಗ ಅದು ಮಂಗಳೂರಿನ ಫ್ಲ್ಯಾಟಿನ ಕಪಾಟಿನಲ್ಲಿದೆ. ಒಳಗೆ ವಿಕ್ಟೋರಿಯಾ ರಾಣಿಯ 1862ರ ಒಂದು ರೂಪಾಯಿ, 1947ರ ಒಂದು ರೂಪಾಯಿ, ನಡುವೆ ತೂತಿರುವ ನಾಲ್ಕಾರು ಕಾಸು, ಬಸವಣ್ಣನ ಚಿತ್ರದ 5 ರೂಪಾಯಿ. ವೈಷ್ಣೋದೇವಿಯದು ಮಾತ್ರ ಇಲ್ಲ.

ಇಲ್ಲ ಅಂತ ಬೇಜಾರು ಮಾಡಿಕೊಳ್ಳುವಷ್ಟರಲ್ಲಿ ಮತ್ತೊಂದು ಜಾಹೀರಾತು ಬರುತ್ತದೆ. ಅದೇ ನಾಣ್ಯ, 'ಅಪರೂಪದ ಸಂಗ್ರಹ, ಬರೀ 999 ರೂ., ಇವತ್ತೊಂದೇ ದಿನ.' ನೀವು ಮನಸ್ಸಿನಲ್ಲೇ ಲೆಕ್ಕ ಹಾಕುತ್ತೀರಿ. 999 ಕೊಟ್ಟು ಕೊಂಡರೆ ಅಲ್ಲಿ ಲಕ್ಷಕ್ಕೆ ಮಾರಬಹುದಲ್ಲ! ಮಗಳ ಫೀಸಿಗಾಯಿತು, ಯಜಮಾನರನ್ನು ಕೇಳುವುದೂ ಬೇಡ...

ಗೆಳತಿಯರೇ, ಅಲ್ಲೇ ನಿಲ್ಲಿ. ಆ ಲೆಕ್ಕವೇ ಗಾಳಕ್ಕೆ ಸಿಕ್ಕಿಸಿದ ಎರೆಹುಳು.

ಒಂದೇ ಅಂಗಡಿ, ಎರಡು ಬಾಗಿಲು

ಹಳೆ ನಾಣ್ಯದ ಆನ್‌ಲೈನ್ ವ್ಯವಹಾರದಲ್ಲಿ ಮೋಸ ಎರಡು ಬಗೆಯದು. ಕೊಳ್ಳುವವರಿಗೆ ಸಾಮಾನ್ಯ ನಾಣ್ಯವನ್ನೋ ನಕಲಿ ನಾಣ್ಯವನ್ನೋ ದುಬಾರಿ ಬೆಲೆಗೆ ದಾಟಿಸುವುದು ಒಂದು. 'ನಿಮ್ಮ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ' ಎಂದು ಮಾರುವವರಿಂದಲೇ ಶುಲ್ಕದ ಹೆಸರಲ್ಲಿ ದುಡ್ಡು ಕೀಳುವುದು ಇನ್ನೊಂದು. ಬೇರೆ ಬೇರೆ ಕಂಡರೂ ಎರಡೂ ಒಂದಕ್ಕೊಂದು ಪೂರಕ. 'ಲಕ್ಷಕ್ಕೆ ಕೊಳ್ಳುತ್ತೇವೆ' ಎಂಬ ವಿಡಿಯೋ ಇಲ್ಲದಿದ್ದರೆ 5 ರೂಪಾಯಿ ನಾಣ್ಯವನ್ನು ಯಾರು 999ಕ್ಕೆ ಕೊಳ್ಳುತ್ತಿದ್ದರು ಹೇಳಿ? ಒಂದು ಬಾಗಿಲಲ್ಲಿ ಆಸೆ ಹುಟ್ಟಿಸುತ್ತಾರೆ, ಇನ್ನೊಂದರಲ್ಲಿ ಅದಕ್ಕೆ ಬೆಲೆ ಕಟ್ಟಿ ವಸೂಲಿ ಮಾಡುತ್ತಾರೆ.

ಅಂದ ಹಾಗೆ ಆ ವೈಷ್ಣೋದೇವಿ ನಾಣ್ಯ ಏನು? ಶ್ರೀ ಮಾತಾ ವೈಷ್ಣೋದೇವಿ ದೇಗುಲ ಮಂಡಳಿಯ ಬೆಳ್ಳಿಹಬ್ಬದ ನೆನಪಿಗೆ ಸರಕಾರವೇ ತಂದದ್ದು. 2012 ಎಂಬ ಇಸವಿ ಹೊತ್ತ 5 ಮತ್ತು 10 ರೂಪಾಯಿಯ ಸ್ಮಾರಕ ನಾಣ್ಯಗಳವು. ತರಕಾರಿ ಅಂಗಡಿಯ ಚಿಲ್ಲರೆಯಲ್ಲಿ ಬಂದು ಹೋದಂಥವು. ನಮ್ಮ ಬಸವಣ್ಣನ 5 ರೂಪಾಯಿ ಬಂದದ್ದು 2006ರಲ್ಲಿ. ಅದೂ ಹಾಗೇ ಕೈಯಿಂದ ಕೈಗೆ ಓಡಾಡಿದ್ದು. ಸಂಗ್ರಹಕಾರರು ಇಂಥವನ್ನು ಪ್ರೀತಿಯಿಂದ ಕೂಡಿಡುತ್ತಾರೆ, ನಿಜ. ಹಾಗಂತ ಚಿಲ್ಲರೆಗೆ ಲಕ್ಷ ಕೊಡುವ ಸಂಗ್ರಹಕಾರ ಇಲ್ಲ.

ಹಳೆಯದೆಲ್ಲ ಅಪರೂಪವಲ್ಲ

ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತೀವಲ್ಲ, ನಾಣ್ಯದ ವಿಷಯದಲ್ಲಿ ಅದನ್ನೇ 'ಹಳೆಯದೆಲ್ಲ ಅಪರೂಪವಲ್ಲ' ಎಂದು ಓದಿಕೊಳ್ಳಿ. ನಾಣ್ಯದ ಬೆಲೆ ನಿಂತಿರುವುದು ಅದರ ವಯಸ್ಸಿನ ಮೇಲಲ್ಲ. ಎಷ್ಟು ಉಳಿದಿವೆ, ಎಷ್ಟು ಚೆನ್ನಾಗಿ ಉಳಿದಿವೆ, ಎಷ್ಟು ಜನಕ್ಕೆ ಬೇಕು ಎಂಬ ಮೂರರ ಮೇಲೆ.

ನಿಮ್ಮ ಡಬ್ಬಿಯ 1862ರ ರೂಪಾಯಿಯನ್ನೇ ತೆಗೆದುಕೊಳ್ಳಿ. ನೂರೈವತ್ತು ವರ್ಷಕ್ಕೂ ಹಳೆಯದು, ಎಂಥ ಅಪರೂಪ ಅನ್ನಿಸುತ್ತದೆ. ಆದರೆ ಆಗಿನ ಟಂಕಸಾಲೆಗಳು 1874ರವರೆಗೂ ಇಸವಿ ಬದಲಿಸದೆ 1862 ಎಂದೇ ಅಚ್ಚು ಹಾಕುತ್ತಿದ್ದವು. ಹತ್ತು ಹನ್ನೆರಡು ವರ್ಷದ ನಾಣ್ಯಗಳೆಲ್ಲ ಒಂದೇ ಇಸವಿ ಹೊತ್ತು ಬಂದವು. ಹಾಗಾಗಿ ಅವು ಬೇಕಾದಷ್ಟಿವೆ.

1947ರ ರೂಪಾಯಿ? ಸ್ವಾತಂತ್ರ್ಯದ ವರ್ಷದ್ದು ಎಂದು ಅದಕ್ಕೆ ಕೋಟಿಯ ಮಾತಾಡುತ್ತಾರೆ. ಒಂದು ಬದಿ ಆರನೇ ಜಾರ್ಜ್, ಇನ್ನೊಂದು ಬದಿ ಹುಲಿ. ಅದು ಬೆಳ್ಳಿಯದೇ ಅಲ್ಲ, ನಿಕ್ಕಲ್. ಆ ಇಸವಿಯ ರೂಪಾಯಿಗಳನ್ನು ಕೋಟಿಗಟ್ಟಲೆ ಅಚ್ಚು ಹಾಕಿದ್ದರು. ತೂತಿನ ಕಾಸುಗಳೂ ಹಾಗೇ, 1943ರಿಂದ 1947ರವರೆಗೆ ಬಂದ ಕಂಚಿನ ಚಿಲ್ಲರೆ. ಮಕ್ಕಳಿಗೆ ತೋರಿಸಲು ಚೆಂದ, ಅಷ್ಟೇ.

ನಿಜವಾದ ಅಪರೂಪ ಹೇಗಿರುತ್ತದೆ ಗೊತ್ತೇ? 1911ರ ರೂಪಾಯಿಯಲ್ಲಿ ಐದನೇ ಜಾರ್ಜ್ ದೊರೆಯ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆ ಇತ್ತು. ಅಚ್ಚಿನಲ್ಲಿ ಅದು ಹಂದಿಯಂತೆ ಕಂಡು ಗಲಾಟೆಯೇ ಆಯಿತು. ಅಚ್ಚಾದ ತೊಂಬತ್ತು ಲಕ್ಷಕ್ಕೂ ಹೆಚ್ಚು ನಾಣ್ಯಗಳಲ್ಲಿ ಜನರ ಕೈ ಸೇರಿದ್ದು ಸುಮಾರು ಏಳು ಲಕ್ಷ ಮಾತ್ರ. ಉಳಿದವನ್ನು ಕರಗಿಸಿದರು. ಮುಂದಿನ ವರ್ಷದಿಂದ ಆನೆಯ ರೂಪವನ್ನೇ ತಿದ್ದಿದರು. ಹಾಗಾಗಿ 1862ರದ್ದಕ್ಕಿಂತ ಐವತ್ತು ವರ್ಷ ಕಿರಿಯದಾದರೂ ಅದರ ಹಿಂದೆ ಬೀಳುವವರು ಹೆಚ್ಚು. 1939ರ ಬೆಳ್ಳಿ ರೂಪಾಯಿಯೂ ಬಹಳ ಅಪರೂಪ. ಅದಕ್ಕೇ 1938ರ ನಾಣ್ಯದ 8ನ್ನು ಕೊರೆದು 9 ಮಾಡುವ ಕೈಚಳಕದವರು ಇದ್ದಾರೆ! ಅಪರೂಪ ಎಂಬುದು ಎಷ್ಟು ನಿಜವೋ, ನಕಲಿಯ ಸಾಧ್ಯತೆಯೂ ಅಷ್ಟೇ ಹೆಚ್ಚು. ಇದನ್ನು ಮರೆಯಬೇಡಿ.

ಫೋಟೋದಲ್ಲಿ ಕಾಣದ್ದು

ಸೀರೆಯನ್ನು ಆನ್‌ಲೈನ್‌ನಲ್ಲಿ ಕೊಂಡಾಗ ಬಣ್ಣ ಸ್ವಲ್ಪ ಬೇರೆ ಬಂದರೂ ಉಡಬಹುದು. ನಾಣ್ಯದ ವಿಷಯ ಹಾಗಲ್ಲ. ಅಸಲಿಯೋ ನಕಲಿಯೋ ಎಂದು ತೀರ್ಮಾನಿಸುವ ಸಂಗತಿಗಳಿರುವುದು ತೂಕದಲ್ಲಿ, ಅಂಚಿನಲ್ಲಿ, ಲೋಹದಲ್ಲಿ. ಇವು ಯಾವುವೂ ಫೋಟೋದಲ್ಲಿ ಬರುವುದಿಲ್ಲ. ಅಂದರೆ ಯಾವುದನ್ನು ನೋಡಿ ಕೊಳ್ಳಬೇಕೋ ಅದನ್ನೇ ಬಿಟ್ಟು ನಾವು ಕೊಳ್ಳುತ್ತಿದ್ದೇವೆ.

ತೂಕದಿಂದ ಶುರು ಮಾಡೋಣ. ಬ್ರಿಟಿಷರ ಕಾಲದ ರೂಪಾಯಿ ತೂಗುತ್ತಿದ್ದದ್ದು ಸರಿಯಾಗಿ ಒಂದು ತೊಲ, 11.66 ಗ್ರಾಂ. 'ಒಂದು ರೂಪಾಯಿ ತೂಕದ ಬಂಗಾರ' ಎಂದು ಅಜ್ಜಿಯಂದಿರು ಹೇಳುತ್ತಿದ್ದದ್ದು ಅದಕ್ಕೇ. (ಈಗ ಕೆಲವು ಅಂಗಡಿಯವರು 10 ಗ್ರಾಮನ್ನೇ ತೊಲ ಅನ್ನುತ್ತಾರೆ, ಅದು ಬೇರೆ ಮಾತು.) ಕೈಯಿಂದ ಕೈಗೆ ಓಡಾಡಿ ಸವೆದ ನಾಣ್ಯ ಸ್ವಲ್ಪ ಕಡಿಮೆ ತೂಗಬಹುದು. 9 ಗ್ರಾಂ ಬಂದರೆ ಮಾತ್ರ ಅನುಮಾನ ಪಡಿ. ವಿಜಯನಗರದ ಚಿನ್ನದ ವರಹ ಸುಮಾರು 3.4 ಗ್ರಾಂ. 'ಕೃಷ್ಣದೇವರಾಯನ ಚಿನ್ನದ ವರಹ' ಎಂದು ಹತ್ತು ಗ್ರಾಮಿನ ಬಿಲ್ಲೆ ತೋರಿಸಿದರೆ ನಕ್ಕು ಮುಂದೆ ಹೋಗಿ. ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ಎರಡು ನಿಮಿಷದ ಕೆಲಸ ಇದು.

ಇನ್ನು ಲೋಹ. 1862ರಿಂದ 1939ರವರೆಗಿನ ರೂಪಾಯಿಯಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ. ಅಂದರೆ ಒಂದು ನಾಣ್ಯದಲ್ಲಿ ಸುಮಾರು 10.7 ಗ್ರಾಂ. 1940ರಿಂದ 1945ರವರೆಗಿನದರಲ್ಲಿ ಬೆಳ್ಳಿ ಅರ್ಧಕ್ಕಿಳಿಯಿತು. 1946, 1947ರದ್ದರಲ್ಲಿ ಬೆಳ್ಳಿಯೇ ಇಲ್ಲ. ಈ ಮೂರು ಸಾಲನ್ನು ಅಡುಗೆಮನೆ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಳ್ಳಿ. ಯಾರಾದರೂ 'ವಿಕ್ಟೋರಿಯಾ ರೂಪಾಯಿ 20 ಸಾವಿರ' ಎಂದರೆ ಅವತ್ತಿನ ಬೆಳ್ಳಿ ದರವನ್ನು 10.7ರಿಂದ ಗುಣಿಸಿ ನೋಡಿ. ಅದು ಬೆಳ್ಳಿಯ ಬೆಲೆ. ಅದರ ಮೇಲೆ ಕೇಳುವ ಪ್ರತಿ ರೂಪಾಯಿಗೂ 'ಯಾಕೆ?' ಎಂದು ಕಾರಣ ಕೇಳುವ ಹಕ್ಕು ನಿಮಗಿದೆ.

ಫ್ರಿಜ್ ಮೇಲೆ ಅಂಟಿಸಿದ ಆಯಸ್ಕಾಂತವನ್ನೂ ಬಳಸಬಹುದು. ಬೆಳ್ಳಿಗೆ ಅದು ಅಂಟುವುದಿಲ್ಲ. ಅಂಟಿದರೆ ಒಳಗೆ ಕಬ್ಬಿಣ, ಮೇಲೆ ಬೆಳ್ಳಿ ನೀರು. ಆದರೆ ಅಂಟದಿದ್ದ ಮಾತ್ರಕ್ಕೆ ಬೆಳ್ಳಿ ಅಂದುಕೊಳ್ಳಬೇಡಿ. ತಾಮ್ರ, ಹಿತ್ತಾಳೆಗೂ ಅಂಟುವುದಿಲ್ಲ. 1947ರ ಅಸಲಿ ನಿಕ್ಕಲ್ ನಾಣ್ಯವೋ, ಅಂಟುತ್ತದೆ! ಅಂಚನ್ನು ಬೆರಳಿಂದ ಸವರಿ ನೋಡಿ. ಎರಕ ಹೊಯ್ದ ನಕಲಿಯ ಅಂಚಿನಲ್ಲಿ ಸುತ್ತ ಒಂದು ಸಣ್ಣ ಗೆರೆ, ಮೈಮೇಲೆ ಗುಳ್ಳೆಯಂಥ ಚುಕ್ಕಿ, ಅಕ್ಷರಗಳು ಮೊಂಡು ಮೊಂಡು. 'ಎರಡೂ ಬದಿ ತಲೆ ಇರುವ ತಪ್ಪು ಅಚ್ಚಿನ ನಾಣ್ಯ' ಎಂಬುದು ಹೆಚ್ಚಿನ ಪಾಲು ಎರಡು ನಾಣ್ಯಗಳನ್ನು ಕೊರೆದು ಒಂದಾಗಿ ಕೂರಿಸಿದ್ದು. ಕಿನಾರೆಯ ಒಳಬದಿಯಲ್ಲಿ ಬೆಸುಗೆಯ ಸಂದು ಕಾಣುತ್ತದೆ.

ಒಂದು ಕಿವಿಮಾತು. ಕೊಂಡದ್ದಾಗಲಿ, ಅಜ್ಜಿಯದ್ದಾಗಲಿ, ಹುಣಸೆಹಣ್ಣು ಹಾಕಿ ತಿಕ್ಕಬೇಡಿ! ದೇವರ ದೀಪ ಬೆಳಗುವಂತೆ ನಾಣ್ಯ ಬೆಳಗಿದರೆ ಅದರ ಮೇಲಿನ ಹಳೆಯ ಪದರ ಹೋಗುತ್ತದೆ, ಸಂಗ್ರಹಕಾರರ ಕಣ್ಣಲ್ಲಿ ಬೆಲೆಯೂ ಹೋಗುತ್ತದೆ. ಕಾಸಿನ ಸರಕ್ಕೆಂದು ಕೊಂಡಿ ಬೆಸೆದ ಪವನುಗಳ ಕಥೆಯೂ ಇದೇ. ಚಿನ್ನದ ಬೆಲೆ ಉಂಟು, ಸಂಗ್ರಹದ ಬೆಲೆ ಕಡಿಮೆ.

ದೇವರ ಹೆಸರಲ್ಲಿ ದುಡ್ಡು

ಹೆಂಗಸರನ್ನೇ ಗುರಿಯಾಗಿಸಿದ ಇನ್ನೊಂದು ಮಾಲು ಇದೆ. ಒಂದು ಬದಿ ರಾಮ, ಸೀತೆ, ಲಕ್ಷ್ಮಣ, ಹನುಮಂತ. ಇನ್ನೊಂದು ಬದಿ 'ಈಸ್ಟ್ ಇಂಡಿಯಾ ಕಂಪನಿ, 1818' ಎಂಬ ಬರಹ. ದೇವರ ಕೋಣೆಯಲ್ಲಿಟ್ಟರೆ ಲಕ್ಷ್ಮಿ ಒಲಿಯುತ್ತಾಳೆ ಎಂಬ ಮಾತು ಬೇರೆ. ಕಂಪನಿ ಸರಕಾರ ಇಂಥ ನಾಣ್ಯವನ್ನು ಯಾವತ್ತೂ ಹೊರಡಿಸಿಲ್ಲ. ಇಡೀ ಬ್ರಿಟಿಷ್ ಭಾರತಕ್ಕೆ ಒಂದೇ ಬಗೆಯ ನಾಣ್ಯ ಬಂದದ್ದೇ 1835ರಲ್ಲಿ. ರಾಮನ ಚಿತ್ರದ ಬಿಲ್ಲೆಗಳು ಯಾತ್ರಾಸ್ಥಳಗಳಲ್ಲಿ ಮಾರುತ್ತಿದ್ದ ಪೂಜೆಯ ಬಿಲ್ಲೆಗಳ ಜಾತಿಗೆ ಸೇರಿದವು. ಭಕ್ತಿಯಿಂದ ಇಟ್ಟುಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ನಾಣ್ಯವೆಂದು ಸಾವಿರಗಟ್ಟಲೆ ಕೊಡಬೇಡಿ.

ಇದರ ದೊಡ್ಡಣ್ಣನೇ 'ರೈಸ್ ಪುಲ್ಲಿಂಗ್'. ಅಕ್ಕಿಕಾಳನ್ನು ತನ್ನತ್ತ ಸೆಳೆಯುವ ತಾಮ್ರದ ನಾಣ್ಯವೋ ಚೊಂಬೋ ಇದೆ, ವಿದೇಶದಲ್ಲಿ ಕೋಟಿಗೆ ಹೋಗುತ್ತದೆ, ಪರೀಕ್ಷೆಗೆ ಖರ್ಚು ಹಾಕಿದರೆ ಪಾಲು ಕೊಡುತ್ತೇವೆ ಎಂಬ ಆಟ. ಬೆಂಗಳೂರು ಪೊಲೀಸರು ಇಂಥ ತಂಡಗಳನ್ನು ಎಷ್ಟೋ ಬಾರಿ ಹಿಡಿದಿದ್ದಾರೆ. ಅಕ್ಕಿ ಸೆಳೆಯುವ ತಾಮ್ರ ಜಗತ್ತಿನಲ್ಲೇ ಇಲ್ಲ. ದಿನಾ ತಾಮ್ರದ ಚೊಂಬು ಹಿಡಿಯುವ ನಮಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು?

'ಬಸದಿ ಹತ್ತಿರ ಸಿಕ್ಕಿದ್ದು' ಅಂದರೆ ಇನ್ನೂ ಹುಷಾರು

ನಮ್ಮ ಬೆಳ್ತಂಗಡಿ, ಬಂಟ್ವಾಳ, ಮೂಡಬಿದಿರೆಯ ಮಣ್ಣು ಹಳೆಯದು. ಜೋಡಿ ಮೀನಿನ ಗುರುತಿನ ಆಳುಪರ ಚಿನ್ನದ ನಾಣ್ಯ, ಶಾಸನಗಳಲ್ಲಿ ಬರುವ ಬಾರಕೂರು ಗದ್ಯಾಣ, ಮಂಗಳೂರು ಗದ್ಯಾಣ ಇವೆಲ್ಲ ಈ ಕರಾವಳಿಯದೇ ಹೆಸರುಗಳು. ಆದ್ದರಿಂದಲೇ 'ತೋಟದಲ್ಲಿ ಗುಂಡಿ ತೆಗೆಯುವಾಗ ಸಿಕ್ಕಿತು', 'ಮೂಡಬಿದಿರೆಯ ಬಸದಿ ಹತ್ತಿರ ಸಿಕ್ಕಿತು, ಗುಟ್ಟಾಗಿ ಕೊಡುತ್ತೇವೆ' ಎಂಬ ಮಾತು ಇಲ್ಲಿನವರಿಗೆ ಬೇಗ ನಾಟುತ್ತದೆ.

ಇಲ್ಲಿ ನೀವು ಎರಡು ಕಡೆಯಿಂದಲೂ ಸಿಕ್ಕಿಬೀಳುತ್ತೀರಿ. ನಕಲಿಯಾದರೆ ದುಡ್ಡು ಹೋಯಿತು. ಅಸಲಿಯಾದರೆ ಕಾನೂನಿನ ಕೈಗೆ ಸಿಕ್ಕಿರಿ. ನೆಲದಲ್ಲಿ ಸಿಕ್ಕ ನಿಧಿಯ ಸುದ್ದಿಯನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು, ಗುಟ್ಟಾಗಿ ಮಾರುವಂತಿಲ್ಲ. ಕದ್ದ ಮಾಲಾಗಿದ್ದರೆ ಗೊತ್ತಿದ್ದೂ ಕೊಂಡವರೂ ತಪ್ಪಿತಸ್ಥರೇ. 2013ರಲ್ಲಿ ಮೂಡಬಿದಿರೆಯ ಸಿದ್ಧಾಂತ ಬಸದಿಯಿಂದ ಅಮೂಲ್ಯ ವಿಗ್ರಹಗಳು ಕಳವಾದಾಗ ಇಡೀ ಜಿಲ್ಲೆ ಎಷ್ಟು ನೊಂದಿತು ಎಂಬುದು ನಿಮಗೆ ನೆನಪಿರಬಹುದು. ಹಳೆಯ ವಸ್ತುವಿಗೆ ಕೇಳದೆ ದುಡ್ಡು ಕೊಡುವವರು ಇರುವವರೆಗೂ ಕದಿಯುವವರು ಇರುತ್ತಾರೆ.

ಅಜ್ಜಿಯಿಂದ ಬಂದ ನಾಣ್ಯ ಇಟ್ಟುಕೊಳ್ಳುವುದು ತಪ್ಪಲ್ಲ, ಹೆದರಬೇಡಿ. ಆದರೆ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅದನ್ನು ದೇಶದಿಂದಾಚೆ ಕಳಿಸುವಂತಿಲ್ಲ. ಅಮೆರಿಕದಲ್ಲಿರುವ ನಾದಿನಿ 'ಅತ್ತಿಗೆ, ಅಲ್ಲಿಂದ ಒಂದು ವಿಕ್ಟೋರಿಯಾ ರೂಪಾಯಿ ಕೊಂಡು ಕೊರಿಯರ್ ಮಾಡಿ' ಎಂದರೆ ನಯವಾಗಿ ಬೇಡ ಅನ್ನಿ.

2016ರಲ್ಲಿ ರದ್ದಾದ 500, 1000 ರೂಪಾಯಿ ನೋಟುಗಳನ್ನೂ 'ಸಂಗ್ರಹಕ್ಕೆ' ಎಂದು ಮಾರುತ್ತಾರೆ. 2017ರ ಕಾಯ್ದೆಯಂತೆ ಒಬ್ಬರು ಒಟ್ಟು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಧ್ಯಯನ, ಸಂಶೋಧನೆ, ನಾಣ್ಯಶಾಸ್ತ್ರದ ಉದ್ದೇಶಕ್ಕೆ ಮಾತ್ರ 25ರವರೆಗೆ ಅವಕಾಶ. ಕಟ್ಟು ಕಟ್ಟು ಕೊಂಡರೆ ದಂಡ ಖಂಡಿತ.

ಮಾರಲು ಹೋಗಿ ಕಳೆದುಕೊಂಡವರು

ಈಗ ಎರಡನೇ ಬಾಗಿಲಿಗೆ ಬರೋಣ. 2021ರ ಜೂನ್‌ನಲ್ಲಿ ಬೆಂಗಳೂರಿನ ಮಹಿಳೆಯೊಬ್ಬರು 1947ರ ನಾಣ್ಯವೊಂದನ್ನು 10 ಲಕ್ಷ ರೂ.ಗೆ ಮಾರಲು ಆನ್‌ಲೈನ್‌ನಲ್ಲಿ ಹಾಕಿದ್ದರು. ಆ ಕಡೆಯವನು ಚೌಕಾಸಿ ಮಾಡಲಿಲ್ಲ, ಒಂದು ಕೋಟಿ ಕೊಡುತ್ತೇನೆ ಅಂದ! ಆಮೇಲೆ ತೆರಿಗೆ ಕಟ್ಟಬೇಕು ಎಂದ. ಹೀಗೆ ಆಕೆ ಕಳೆದುಕೊಂಡದ್ದು ಒಂದು ಲಕ್ಷ. ಕೇಳಿದ್ದಕ್ಕಿಂತ ಹತ್ತು ಪಟ್ಟು ಕೊಡುವ ಗಿರಾಕಿಯನ್ನು ಮೀನು ಮಾರುಕಟ್ಟೆಯಲ್ಲಿ ನೀವು ಯಾವತ್ತಾದರೂ ನೋಡಿದ್ದೀರಾ?

ನಮ್ಮ ಮಂಗಳೂರಿನದೇ ಪ್ರಕರಣ ಇನ್ನೂ ಭಯಂಕರ. 2025ರಲ್ಲಿ ಪೊಲೀಸರಿಗೆ ಬಂದ ದೂರು ಅದು. ಹಳೆ ನಾಣ್ಯಕ್ಕೆ ಭಾರೀ ಬೆಲೆ ಎಂಬ ಫೇಸ್‌ಬುಕ್ ಜಾಹೀರಾತು ನೋಡಿ ಒಬ್ಬರು ಸಂಪರ್ಕಿಸಿದರು. ಮೊದಲು ಕೇಳಿದ್ದು ರಿಸರ್ವ್ ಬ್ಯಾಂಕಿನ ನೋಂದಣಿ ಹೆಸರಲ್ಲಿ ಬರೀ 750 ರೂ. ಆಮೇಲೆ ಜಿಎಸ್‌ಟಿ ಎಂದರು, ವಿಮೆ ಎಂದರು, ಟಿಡಿಎಸ್ ಎಂದರು. ಕೊನೆಗೆ ಪೊಲೀಸರ ಸೋಗಿನಲ್ಲಿ ಬಂಧನದ ಬೆದರಿಕೆ. ಎಲ್ಲ ಸೇರಿ ಹೋದದ್ದು 58 ಲಕ್ಷ ರೂಪಾಯಿಗೂ ಹೆಚ್ಚು.

750ರಿಂದ 58 ಲಕ್ಷಕ್ಕೆ ಹೋದದ್ದು ಹೇಗೆ ಎಂದು ಆಶ್ಚರ್ಯವೇ? ದಡ್ಡತನ ಅಂತ ಹಗುರವಾಗಿ ಹೇಳಬೇಡಿ. ಮೊದಲ ಕಂತು ಕೊಡಿಸುವುದು ಆಸೆ. ಎರಡನೆಯದರಿಂದ ಮುಂದೆ ಕೊಡಿಸುವುದು ಆಸೆಯಲ್ಲ, ಮೊದಲು ಕೊಟ್ಟದ್ದು ಮುಳುಗೀತೆಂಬ ಭಯ. ಚೀಟಿ ಕಟ್ಟಿದವರಿಗೆ ಈ ಸಂಕಟ ಗೊತ್ತು, 'ಇಷ್ಟು ಕಟ್ಟಿಯಾಗಿದೆ, ಈಗ ಬಿಟ್ಟರೆ ಹೇಗೆ?' ಮೋಸಗಾರರಿಗೆ ಈ ಸಂಕಟವೇ ಬಂಡವಾಳ.

ಟಿಡಿಎಸ್ ಎಂಬ ಪದವನ್ನೇ ಸ್ವಲ್ಪ ಯೋಚಿಸಿ. ಅದರ ಅರ್ಥವೇ ನಿಮಗೆ ಬರುವ ಹಣದಲ್ಲಿ ತೆರಿಗೆಯನ್ನು ಮುರಿದುಕೊಂಡು ಉಳಿದದ್ದನ್ನು ಕೊಡುವುದು. ಯಜಮಾನರ ಸಂಬಳದಲ್ಲಿ ಮುರಿದುಕೊಳ್ಳುತ್ತಾರಲ್ಲ, ಹಾಗೆ. ಕೊಡುವ ಮೊದಲೇ ನಿಮ್ಮಿಂದ ಟಿಡಿಎಸ್ ಕೇಳಿದರೆ ಸುಳ್ಳು ಅಲ್ಲೇ ಬಯಲಾಯಿತು.

ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದು ಪ್ರಕಟಣೆ ಹೊರಡಿಸಿ ಈ ಬಗ್ಗೆ ಎಚ್ಚರಿಸಿದೆ. ಹಳೆ ನೋಟು, ನಾಣ್ಯಗಳ ಕೊಡು ಕೊಳ್ಳುವಿಕೆಯಲ್ಲಿ ತಾನು ತೊಡಗುವುದಿಲ್ಲ, ಶುಲ್ಕ ಅಥವಾ ಕಮಿಷನ್ ಕೇಳುವುದಿಲ್ಲ, ತನ್ನ ಪರವಾಗಿ ವಸೂಲಿ ಮಾಡಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ವಾಟ್ಸ್‌ಆ್ಯಪ್‌ನಲ್ಲಿ ರಿಸರ್ವ್ ಬ್ಯಾಂಕಿನ ಮೊಹರು, ಅಧಿಕಾರಿಯ ಗುರುತಿನ ಚೀಟಿ ಬಂದರೆ ಅದೇ ಮೋಸದ ಸಾಕ್ಷಿ.

ಹಾಗಾದರೆ ಕೊಳ್ಳಲೇಬಾರದೇ?

ಯಾಕೆ ಕೊಳ್ಳಬಾರದು? ನಾಣ್ಯ ಸಂಗ್ರಹ ಒಳ್ಳೆಯ ಹವ್ಯಾಸ. ಮಕ್ಕಳಿಗೆ ಚರಿತ್ರೆ ಕಲಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಆದರೆ ಕೊಳ್ಳುವ ಜಾಗ ಸರಿಯಿರಬೇಕು.

ಮೊದಲ ಜಾಗ ಸರಕಾರಿ ಟಂಕಸಾಲೆಯೇ. ಮುಂಬಯಿ, ಕೋಲ್ಕತ್ತ, ಹೈದರಾಬಾದ್, ನೋಯ್ಡಾಗಳಲ್ಲಿ ಟಂಕಸಾಲೆಗಳಿವೆ. ಇವನ್ನು ನಡೆಸುವ ಕೇಂದ್ರ ಸರಕಾರದ ನಿಗಮ ಸ್ಮಾರಕ ನಾಣ್ಯಗಳನ್ನು ತನ್ನ ಜಾಲತಾಣದಲ್ಲೇ ಮಾರುತ್ತದೆ. 2023ರಲ್ಲಿ ಹೊಸ ಸಂಸತ್ ಭವನದ ನೆನಪಿಗೆ 75 ರೂಪಾಯಿಯ ನಾಣ್ಯ ಬಂತಲ್ಲ, 35 ಗ್ರಾಂ ತೂಕ, ಅರ್ಧ ಬೆಳ್ಳಿ. ಇಂಥವಕ್ಕೆ ಮುಖಬೆಲೆಗಿಂತ ಹೆಚ್ಚು ಕೊಡಬೇಕು, ಅದು ಮೋಸವಲ್ಲ. ಬೆಳ್ಳಿ, ತಯಾರಿ, ಪೆಟ್ಟಿಗೆ ಎಲ್ಲದರ ಬೆಲೆ ಅದರಲ್ಲಿದೆ.

ಹಳೆಯದೇ ಬೇಕೆಂದರೆ ನಗರಗಳಲ್ಲಿ ನಡೆಯುವ ನಾಣ್ಯ ಪ್ರದರ್ಶನಗಳಿಗೆ ಹೋಗಿ. ಕೈಯಲ್ಲಿ ಹಿಡಿದು, ನಾಲ್ಕು ಮಳಿಗೆಯಲ್ಲಿ ವಿಚಾರಿಸಿ, ಬಿಲ್ ಪಡೆದು ಕೊಳ್ಳಬಹುದು. ಕೊಳ್ಳುವ ಮೊದಲು ಕಣ್ಣು ಪಳಗಲಿ. ಮುಂಡಾಜೆಗೆ ಹೋದಾಗ ಹೇಗೂ ಧರ್ಮಸ್ಥಳಕ್ಕೆ ಹೋಗುತ್ತೀರಿ, ಅಲ್ಲಿನ ಮಂಜೂಷಾ ವಸ್ತುಸಂಗ್ರಹಾಲಯಕ್ಕೂ ಒಂದು ಗಂಟೆ ಇಡಿ. ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜಿನ ಅಲೋಶಿಯಂ ಇದೆ. ಮಕ್ಕಳ ಜೊತೆ ಅಸಲಿ ಹಳೆಯ ವಸ್ತುಗಳನ್ನು ನೋಡಿ ಬಂದವರಿಗೆ ನಕಲಿಯ ಹೊಳಪು ಬೇಗ ಗೊತ್ತಾಗುತ್ತದೆ.

ಆನ್‌ಲೈನ್‌ನಲ್ಲೇ ಕೊಳ್ಳುವಿರಾದರೆ...

* ವಿವರಣೆಯ ಸಣ್ಣ ಅಕ್ಷರಗಳನ್ನು ಓದಿ. 'ರೆಪ್ಲಿಕಾ', 'ಟೋಕನ್', 'ಆ್ಯಂಟಿಕ್ ಫಿನಿಶ್' ಎಂದಿದ್ದರೆ ಅದು ಹಳೆಯದಲ್ಲ.

* ತೂಕ ಎಷ್ಟು, ವ್ಯಾಸ ಎಷ್ಟು ಎಂದು ಕೇಳಿ. ತಕ್ಕಡಿಯ ಮೇಲಿಟ್ಟ ನಾಣ್ಯದ ಫೋಟೋ, ಅಂಚಿನ ಫೋಟೋ ಕೇಳಿ. ಕೊಡದವರ ಬಳಿ ಕೊಳ್ಳಬೇಡಿ.

* ಒಬ್ಬ ಮಾರಾಟಗಾರ ಕೇಳುವ ಬೆಲೆ ಮಾರುಕಟ್ಟೆ ಬೆಲೆಯಲ್ಲ. ಅದೇ ನಾಣ್ಯ ಹರಾಜಿನಲ್ಲಿ ಎಷ್ಟಕ್ಕೆ ಹೋಗಿದೆ ಎಂದು ಹುಡುಕಿ.

* ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮೊಹರು ಮಾಡಿ ದರ್ಜೆ ಕೊಟ್ಟ ನಾಣ್ಯವಾದರೆ, ದರ್ಜೆ ಕೊಟ್ಟ ಸಂಸ್ಥೆಯ ಜಾಲತಾಣದಲ್ಲಿ ಅದರ ಸಂಖ್ಯೆ ಹಾಕಿ ತಾಳೆ ನೋಡಿ. ಪೆಟ್ಟಿಗೆಯೂ ನಕಲಿ ಬರುತ್ತದೆ!

* ಜಾಲತಾಣದಲ್ಲಿ ನೋಡಿದ್ದನ್ನು 'ವಾಟ್ಸ್‌ಆ್ಯಪ್‌ಗೆ ಬನ್ನಿ, ಕಡಿಮೆಗೆ ಕೊಡುತ್ತೇನೆ' ಎಂದರೆ ಹೋಗಬೇಡಿ. ಹೊರಗೆ ಹೋದಿರೋ, ವಾಪಸಾತಿಯ ರಕ್ಷಣೆ ಇಲ್ಲ.

* 'ಪಾರ್ಸೆಲ್ ಬಂದ ಮೇಲೆ ದುಡ್ಡು' ಎಂಬುದನ್ನೂ ಪೂರ್ತಿ ನಂಬಬೇಡಿ. ಅಲ್ಲೂ ದುಡ್ಡು ಕೊಟ್ಟ ಮೇಲೇ ಒಡೆಯಬೇಕಾಗಬಹುದು. ಒಡೆಯುವಾಗ ಮೊದಲಿಂದ ಕೊನೆವರೆಗೆ ಮಗಳಿಂದ ವಿಡಿಯೋ ಮಾಡಿಸಿ.

* ಹಣ ಪಡೆಯಲು ಯುಪಿಐ ಪಿನ್ ಬೇಡವೇ ಬೇಡ. ಪಿನ್ ಒತ್ತಿದಿರಿ ಎಂದರೆ ದುಡ್ಡು ಹೋಯಿತು ಎಂದೇ ಅರ್ಥ.

* 786 ಸಂಖ್ಯೆಯ ನೋಟಿಗೆ ನಿಗದಿಯಾದ ಬೆಲೆ ಎಂಬುದಿಲ್ಲ. ಬೇಕೆನಿಸಿದವರು ಕೊಟ್ಟದ್ದೇ ಬೆಲೆ.

ಕಳೆದುಕೊಂಡಿರಾದರೆ ಮುಚ್ಚಿಡಬೇಡಿ

ನನಗೆ ಅತಿ ಮುಖ್ಯ ಅನ್ನಿಸುವ ಮಾತು ಇದು. ಮೋಸ ಹೋದ ಹೆಣ್ಣುಮಕ್ಕಳು ಮೊದಲು ಮಾಡುವುದು ಸುಮ್ಮನಾಗುವುದು. 'ಇವರಿಗೆ ಗೊತ್ತಾದರೆ ಬೈತಾರೆ', 'ಅತ್ತೆ ಆಡಿಕೊಳ್ತಾರೆ.' ಸಾಸಿವೆ ಡಬ್ಬಿಯ ದುಡ್ಡೆಂದು ಹೊಟ್ಟೆಯಲ್ಲಿ ಹಾಕಿಕೊಳ್ಳುತ್ತೇವೆ. ಆ ಮೌನದ ಪ್ರತಿ ಗಂಟೆಯೂ ಕಳ್ಳರಿಗೆ ಲಾಭ. ಅಷ್ಟರಲ್ಲಿ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರಿ ಹೋಗಿರುತ್ತದೆ.

ಕೂಡಲೇ 1930ಕ್ಕೆ ಫೋನ್ ಮಾಡಿ. ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಹಣ ಇನ್ನೂ ಆ ಖಾತೆಯಲ್ಲಿದ್ದರೆ ತಡೆಹಿಡಿಯುವ ಅವಕಾಶ ಇರುತ್ತದೆ. ನಿಮ್ಮ ಬ್ಯಾಂಕಿಗೂ ತಿಳಿಸಿ. ಕೇಂದ್ರ ಸರಕಾರದ ಸೈಬರ್ ಅಪರಾಧ ಜಾಲತಾಣದಲ್ಲಿ ದೂರು ಬರೆಯಿರಿ. ಚಾಟ್, ರಶೀದಿ, ನಂಬರ್ ಯಾವುದನ್ನೂ ಅಳಿಸಬೇಡಿ. ತವರಿಗೆ ಹೋದಾಗ ಗೊತ್ತಾಯಿತೇ? ಬೆಳ್ತಂಗಡಿ ಠಾಣೆಯಲ್ಲೂ ದೂರು ಕೊಡಬಹುದು. ಹೊಸ ಕಾನೂನಿನ ಪ್ರಕಾರ ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು. ಬಿಲ್ ಇದ್ದು, ಮಾರಿದವರು ಗೊತ್ತಿದ್ದು, ನಕಲಿ ಬಂದಿದ್ದರೆ ಗ್ರಾಹಕ ಸಹಾಯವಾಣಿ 1915. ಗ್ರಾಹಕ ಆಯೋಗಕ್ಕೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು.

ಇನ್ನೂ ಒಂದು. 'ಕಳೆದುಹೋದ ದುಡ್ಡು ವಾಪಸ್ ಕೊಡಿಸುತ್ತೇವೆ, ಸ್ವಲ್ಪ ಫೀಸು ಕೊಡಿ' ಎಂದು ಯಾರಾದರೂ ಫೋನ್ ಮಾಡಿದರೆ ಅವರು ಅದೇ ಅಂಗಡಿಯ ಮೂರನೇ ಬಾಗಿಲು!

ಮನೆಯಲ್ಲಿ ಯಾರಾದರೂ ಮೋಸ ಹೋಗಿದ್ದರೆ ಬೈಯುವುದನ್ನು ನಾಳೆಗೆ ಇಡಿ, ಇವತ್ತು ಫೋನ್ ಮಾಡಲು ಜೊತೆಗೆ ನಿಲ್ಲಿ. ಗಂಡಸರೂ ಈ ಪುಟ ಓದುತ್ತೀರಿ ಅಂತ ಗೊತ್ತು, ನಿಮಗೂ ಈ ಮಾತು.

ಅಜ್ಜಿಯ ಡಬ್ಬಿ ಏನು ಮಾಡುವುದು ಅಂತೀರಾ? ಒಣ ಬಟ್ಟೆಯಲ್ಲಿ ಸುತ್ತಿ ಇಡಿ. ಈ ಭಾನುವಾರ ಮಕ್ಕಳನ್ನು ಕೂರಿಸಿಕೊಂಡು 'ಇದು ತೂತಿನ ಕಾಸು, ನಿಮ್ಮ ಮುತ್ತಜ್ಜಿ ಮುಂಡಾಜೆಯಲ್ಲಿ ಇದನ್ನು ಕೊಟ್ಟು ಸಾಮಾನು ತರುತ್ತಿದ್ದರು' ಅಂತ ಹೇಳಿ. ಆ ಬೆಲೆಯನ್ನು ಯಾವ ಆನ್‌ಲೈನ್ ಗಿರಾಕಿಯೂ ಕೊಡಲಾರ. ಕೊಳ್ಳುವಾಗಲೋ ಮಾರುವಾಗಲೋ ಮನಸ್ಸು ಡೋಲಾಯಮಾನವಾದರೆ ಒಂದೇ ಸೂತ್ರ ನೆನಪಿಡಿ: ಕೊಳ್ಳುವುದಾದರೆ ನಾಣ್ಯ ಕೈಯಲ್ಲಿ ತೂಗಿ ನೋಡುವವರೆಗೆ ದೊಡ್ಡ ಮೊತ್ತ ಕೊಡಬೇಡಿ. ಮಾರುವುದಾದರೆ ನಿಮ್ಮ ಕೈಯಿಂದ ಒಂದು ರೂಪಾಯಿಯೂ ಹೋಗಬಾರದು. ಏನಂತೀರಿ?